ಹೊಟ್ಟೆ ತುಂಬಿದ ಹುಲಿ

ತಲೆ ತಗ್ಗಿಸಿ ನಡೆಯುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಇದನ್ನು ನೋಡಿ ಕೆಲವರು ನನ್ನನ್ನು ವಿನಯವಂತ ಅಂತ ಎಣಿಸಿದ್ದಾರೆ. ನಮ್ಮ ಇಗರ್ಜಿಯ ಪಾದ್ರಿಗಳೊಬ್ಬರು ಒಮ್ಮೆ ನಾಲ್ಕು ಜನರ ಎದುರು, ಪೆದ್ರು ನಡೆಯುವಾಗಲೂ ಪ್ರಾರ್ಥನೆ ಮಾಡುತ್ತಾನೆ ಎಂದುಬಿಟ್ಟರು. ನಾನು ತಿದ್ದಲಿಲ್ಲ. ಹೊಗಳಿದವರನ್ನು ತಿದ್ದುವ ಧೈರ್ಯ ನನಗೆ ಯಾವತ್ತೂ ಇದ್ದದ್ದಲ್ಲ. ನಿಜ ಸಂಗತಿ ಏನೆಂದರೆ ನಾನು ಕಲ್ಲು ನೋಡಿಕೊಂಡು ನಡೆಯುತ್ತೇನೆ. ಉರುಟಾಗಿ, ನುಣ್ಣಗೆ, ಅಂಗೈಯಲ್ಲಿ ಕೂರುವಷ್ಟು ದೊಡ್ಡ ಕಲ್ಲು ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. ಬಗ್ಗಿ ಎತ್ತುತ್ತೇನೆ, ಆಚೆ ಈಚೆ ತಿರುಗಿಸಿ ನೋಡುತ್ತೇನೆ, ಕಿಸೆಗೆ ಹಾಕುತ್ತೇನೆ. ಕಿಸೆ ಹರಿಯುತ್ತದೆ. "ಮಕ್ಕಳ ಕಿಸೆಯಲ್ಲಿ ಕಲ್ಲು ಸಿಕ್ಕಿದರೆ ಎರಡು ಪೆಟ್ಟು ಕೊಡಬಹುದಿತ್ತು, ನಿಮಗೆ ಎಂತ ಮಾಡುವುದು?" ಎಂದು ನನ್ನ ಹೆಂಡತಿ ಕೇಳಿದ್ದುಂಟು. ಈ ಕಲ್ಲುಗಳಿಗೆ ಒಂದು ಕತೆ ಉಂಟು.

ನಾವು ಆಗ ಕುದ್ರೋಳಿಯಲ್ಲಿ ಹೊಳೆಯ ಬದಿಗೆ ಇದ್ದೆವು. ಪಪ್ಪನಿಗೆ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ. ಹೆಂಚಿಗೆ ಬೇಕಾದ ಆವೆಮಣ್ಣು ಮೇಲಿನ ಊರುಗಳಿಂದ ದೋಣಿಯಲ್ಲಿ ಬರುತ್ತಿತ್ತು. ಆ ಮಣ್ಣಿನ ರಾಶಿಯ ಎದುರು ಕುಕ್ಕರಗಾಲಿನಲ್ಲಿ ಕೂತು ಅದರಲ್ಲಿರುವ ಕಲ್ಲು, ಬೇರು, ಚಿಪ್ಪಿ ಎಲ್ಲ ಹೆಕ್ಕಿ ತೆಗೆಯುವವರಲ್ಲಿ ಪಪ್ಪನೂ ಒಬ್ಬರು. ಮಣ್ಣಿನಲ್ಲಿ ಒಂದು ಕಲ್ಲು ಉಳಿದರೆ ಹೆಂಚು ಬಟ್ಟಿಯಲ್ಲಿ ಒಡೆಯುತ್ತದೆ ಎಂದು ಅವರು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಹಾಗೆ ಹೇಳಿಕೊಂಡು ಅನ್ನದಲ್ಲಿಯೂ ಕಲ್ಲು ಹುಡುಕುತ್ತಿದ್ದರು. ಮಾಂಯ್, ಅಂದರೆ ನಮ್ಮ ಅಮ್ಮ, ಅಕ್ಕಿ ಆರಿಸಿದ್ದು ಸಾಲದು ಎಂದು ಇವರು ತೋರಿಸುತ್ತಿದ್ದಾರೆ ಅಂತ ಸಿಟ್ಟಾಗುತ್ತಿದ್ದರು.

ನಮ್ಮ ಊರಿನ ಕಲ್ಲು ಎಂದರೆ ಕೆಂಪು ಕಲ್ಲು, ಮೈಯೆಲ್ಲ ತೂತು. ಅದರ ಮೇಲೆ ಹುಲಿ ಬರೆದರೆ ಸಿಡುಬು ಬಂದ ಹುಲಿ ಆಗುತ್ತದೆ. ಹೊಳೆಯ ನೀರಿನಲ್ಲಿ ಉರುಳಿ ಉರುಳಿ ನುಣ್ಣಗಾದ ಕಲ್ಲು ಬೇಕಾದರೆ ಪಪ್ಪನೇ ಗತಿ. ಸಂಜೆ ಅವರು ಬಂದ ಕೂಡಲೇ ನಾನು ಅವರ ಕಿಸೆಗೆ ಕೈ ಹಾಕುತ್ತಿದ್ದೆ. ಬೇರೆ ಮಕ್ಕಳು ಅಪ್ಪನ ಕಿಸೆಯಲ್ಲಿ ಮಿಠಾಯಿ ಹುಡುಕಿದ ಹಾಗೆ ನಾವು ಕಲ್ಲು ಹುಡುಕಿದೆವು. ಕಾರ್ಖಾನೆಗೆ ಬೇಡದ್ದೆಲ್ಲ ನಮಗೆ ಬೇಕಿತ್ತು.

ಕಲ್ಲಿನ ಮೇಲೆ ಪ್ರಾಣಿ ಬರೆಯುವುದನ್ನು ಶುರು ಮಾಡಿದವಳು ನನ್ನ ತಂಗಿ ಕಾರ್ಮಿನ್. ಯಾರೂ ಹೇಳಿಕೊಟ್ಟದ್ದಲ್ಲ. ಒಂದು ದಿನ ಅಂಗಳದಲ್ಲಿ ಬಿದ್ದ ಬೆಳ್ಳಗಿನ ಕಲ್ಲನ್ನು ತೋರಿಸಿ, "ಇಲ್ಲಿ ಒಂದು ಕುರಿ ಮಲಗಿದೆ" ಅಂದಳು. ನಾನು ನೋಡಿದೆ, ಕಲ್ಲು ಮಲಗಿತ್ತು. ಅವಳು ಅಡುಗೆಮನೆಯಿಂದ ಇದ್ದಿಲು ತಂದು ಒಂದು ಕಿವಿ, ಮಡಚಿದ ಒಂದು ಕಾಲು ಎಳೆದಳು. ಕುರಿಯೇ ಮಲಗಿತ್ತು. ಮಲಗಿದ್ದು ಮಾತ್ರವಲ್ಲ, ಉಸಿರಾಡುತ್ತಿತ್ತು ಎಂದು ಆಗ ನನಗೆ ಕಂಡಿತ್ತು.

ಆಮೇಲೆ ನಮ್ಮ ಬಣ್ಣದ ಅಂಗಡಿ ದೊಡ್ಡದಾಯಿತು. ಬಿಳಿಗೆ ಚಿಪ್ಪಿಯ ಸುಣ್ಣ. ಕೆಂಪಿಗೆ ಒಡೆದ ಹೆಂಚಿನ ಪುಡಿ. ಹಳದಿಗೆ ಮಾಂಯ್ ನೋಡದಾಗ ಅರಸಿನ. ಕಪ್ಪಿಗೆ ಚಿಮಿಣಿ ದೀಪದ ಮಸಿ. ಬಟ್ಟೆಗೆ ಹಾಕುವ ನೀಲಿಯೂ ಇತ್ತು. ಆದರೆ ನೀಲಿ ಬಣ್ಣದ ಪ್ರಾಣಿ ಯಾವುದೆಂದು ಗೊತ್ತಿಲ್ಲದೆ ಬಹಳ ಸಮಯ ಅದು ಹಾಗೇ ಉಳಿಯಿತು. ಕೊನೆಗೆ ನಾನು ಒಂದು ನೀಲಿ ಕುದುರೆ ಬರೆದೆ. ಪಪ್ಪ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಗೌರವದಿಂದ ನೋಡಿ, ಬದನೆಕಾಯಿ ಚೆನ್ನಾಗಿ ಬಂದಿದೆ ಅಂದರು. ಅಲ್ಲಿಗೆ ನನ್ನ ಚಿತ್ರಕಲೆ ಮುಗಿಯಿತು. ಶಾಲೆಯೂ ಹಾಗೆಯೇ ಮುಗಿದಿತ್ತು. ನಾಲ್ಕನೆಯ ಕ್ಲಾಸಿನ ಹೊತ್ತಿಗೆ ಶಾಲೆಗೂ ನನಗೂ ಪರಸ್ಪರ ಬೇಸರ ಬಂದು ಒಬ್ಬರನ್ನೊಬ್ಬರು ಬಿಟ್ಟೆವು. ಆದ್ದರಿಂದ ಈ ಬರಹದಲ್ಲಿ ತಪ್ಪು ಕಂಡರೆ ನೀವು ದೊಡ್ಡ ಮನಸ್ಸು ಮಾಡಬೇಕು.

ಪ್ರಾಣಿಯ ಮೈ ಕಾರ್ಮಿನಳದ್ದು. ಕಣ್ಣು ಇಡುವವಳು ಬೇರೆ ಇದ್ದಳು. ಅವಳು ಗಿರಿಜ, ಬೇಲಿಯ ಆಚೆಯ ಮನೆಯವಳು. ಅವಳ ಅಪ್ಪ ಸಮುದ್ರಕ್ಕೆ ಹೋಗುವವರು, ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವರು. ಅವಳಿಗೂ ಕಾರ್ಮಿನಳಿಗೂ ಒಂದೇ ಪ್ರಾಯ, ನನಗಿಂತ ಎರಡು ವರ್ಷ ಸಣ್ಣವರು. ಕಾರ್ಮಿನ್ ಎಷ್ಟು ಚೆಂದ ಬರೆದರೂ ಅವಳು ಇಟ್ಟ ಕಣ್ಣು ನಿದ್ದೆಗಣ್ಣು ಆಗುತ್ತಿತ್ತು. ಗಿರಿಜ ಕಸ ಗುಡಿಸುವ ಹಿಡಿಸೂಡಿಯ ಒಂದು ಕಡ್ಡಿ ಮುರಿದು, ತುದಿಯನ್ನು ಹಲ್ಲಿನಲ್ಲಿ ಜಗಿದು ಮೆತ್ತಗೆ ಮಾಡಿ, ಮಸಿಯಲ್ಲಿ ಅದ್ದಿ, ಉಸಿರು ಬಿಗಿ ಹಿಡಿದು ಒಂದೇ ಬೊಟ್ಟು ಇಡುತ್ತಿದ್ದಳು. ಆಮೇಲೆ ಆ ಪ್ರಾಣಿ ನಿಮ್ಮನ್ನು ನೋಡುತ್ತಿತ್ತು. ಎಲ್ಲಿ ಕಲಿತೆ ಎಂದು ಕೇಳಿದರೆ, ದಿನಾ ಮೀನಿನ ಕಣ್ಣು ನೋಡ್ತೇನಲ್ಲ, ತಾಜಾ ಮೀನಿನದ್ದು ಬೇರೆ, ಹಳತರದ್ದು ಬೇರೆ ಎನ್ನುತ್ತಿದ್ದಳು.

ಈ ಮಾತುಗಳನ್ನು ನಾವು ಆಡಿದ್ದು ಕನ್ನಡದಲ್ಲಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಮನೆಯ ಒಳಗೆ ಕೊಂಕಣಿ, ಬೇಲಿಯ ಹತ್ತಿರ ತುಳು. ಕನ್ನಡ ಎಂದರೆ ಶಾಲೆಯ ಅಂಗಿಯ ಹಾಗೆ, ಮಾಸ್ಟ್ರು ಎದುರು ಬಂದಾಗ ಹಾಕಿಕೊಳ್ಳುವುದು. ಈಗ ಬರೆಯುವಾಗ ಗಿರಿಜಳ ಬಾಯಿಯಲ್ಲಿ ಕನ್ನಡ ಕೇಳಿದರೆ ನನಗೇ ಸ್ವಲ್ಪ ನಗು ಬರುತ್ತದೆ.

ಮೈ ಒಬ್ಬಳದ್ದು, ಕಣ್ಣು ಇನ್ನೊಬ್ಬಳದ್ದು. ಹಾಗಾದರೆ ನನ್ನದು ಎಂತ? ಕಲ್ಲು ತೊಳೆಯುವುದು, ಒಣಗಿಸುವುದು, ಗೇರುಮರದ ಅಂಟು ತಂದು ಸುಣ್ಣಕ್ಕೆ ಕಲಸುವುದು. ಯಾರಾದರೂ ನೋಡಲು ಬಂದರೆ ಇಬ್ಬರನ್ನೂ ಹೊಗಳಿ, ಕೊನೆಗೆ ನನ್ನನ್ನು ಕಂಡು, ನೀನೂ ಉಂಟಾ ಎನ್ನುತ್ತಿದ್ದರು. ಹನ್ನೆರಡು ವರ್ಷದ ಹುಡುಗನಿಗೆ ಅದು ಬೈಗಳಿಗಿಂತ ಜಾಸ್ತಿ ನೋಯುತ್ತದೆ.

ಎಲ್ಲ ಪ್ರಾಣಿಗಳೂ ಕ್ರಿಸ್ಮಸಿಗೆ ತಯಾರಾಗುವವು. ಗೋದಲಿ ಕಟ್ಟುವಾಗ ಬೈಹುಲ್ಲಿನ ಮಾಡು, ಅದರ ಕೆಳಗೆ ಬಾಲ ಯೇಸು, ಸುತ್ತ ದನ, ಕುರಿ, ಕತ್ತೆ, ಒಂಟೆ ಇರಬೇಕಲ್ಲ. ಬಣ್ಣದ ಬೊಂಬೆಗಳನ್ನು ಅಂಗಡಿಯಿಂದ ತರುವುದು ನಮ್ಮಂಥವರ ಮನೆಯಲ್ಲಿ ಇರಲಿಲ್ಲ. ಬಾಲ ಯೇಸು ಮತ್ತು ಅವನ ತಂದೆತಾಯಿ ಅಜ್ಜಿಯ ಕಾಲದ ಮರದ ಬೊಂಬೆಗಳು. ಪ್ರಾಣಿಗಳು ನಮ್ಮ ಕಲ್ಲುಗಳು. ಅಕ್ಕಪಕ್ಕದವರು ನೋಡಲು ಬರುತ್ತಿದ್ದರು. ಗಿರಿಜಳ ಮನೆಯವರು ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದರು.

ಒಂದು ವರ್ಷ ಕಿಸೆಗೆ ಹಿಡಿಸದೆ ಪಪ್ಪನ ಕೈಯಲ್ಲಿಯೇ ತೆಂಗಿನಕಾಯಿಯಷ್ಟು ಉರುಟಾದ ಕಲ್ಲು ಬಂತು. ಇದು ಹುಲಿ ಅಂದಳು ಕಾರ್ಮಿನ್. ನವರಾತ್ರಿಯಲ್ಲಿ ನಮ್ಮ ಬೀದಿಗೆ ಹುಲಿವೇಷ ಬರುತ್ತಿತ್ತು. ವೇಷದವರಿಗೆ ಮೊದಲು ಹಳದಿ ಹೊಡೆದು, ಒಣಗಿಸಿ, ಆಮೇಲೆ ಪಟ್ಟೆ ಎಳೆಯುವುದನ್ನು ಅವಳೂ ಗಿರಿಜಳೂ ಬೆಳಿಗ್ಗೆಯಿಂದ ನಿಂತು ನೋಡಿದ್ದರು. ಅದೇ ಕ್ರಮದಲ್ಲಿ ಕಲ್ಲಿಗೂ ಹಳದಿ ಹೊಡೆದು, ಒಣಗಿಸಿ, ಪಟ್ಟೆ ಎಳೆದರು. ಕಲ್ಲಿನ ಹೊಟ್ಟೆ ಕೆಳಗೆ ಉಬ್ಬಿದ್ದರಿಂದ ಹುಲಿ ಮದುವೆ ಊಟ ಮಾಡಿ ಬಂದ ಹಾಗೆ ಕೂತಿತು.

ಗೋದಲಿಯಲ್ಲಿ ಕುರಿಗಳ ಪಕ್ಕ ಹುಲಿ ಇಟ್ಟದ್ದನ್ನು ಕಂಡು ಮಾಂಯ್ ಶಿಲುಬೆಯ ಗುರುತು ಮಾಡಿಕೊಂಡರು. ಮಗುವಿನ ಹತ್ತಿರ ಹುಲಿ ಎಂತಕ್ಕೆ ಎಂದು ಕೇಳಿದರು. ಕಾರ್ಮಿನ್ ಗಿರಿಜಳ ಮುಖ ನೋಡಿದಳು. ಗಿರಿಜ ಸ್ವಲ್ಪವೂ ಯೋಚನೆ ಮಾಡದೆ, "ಅದರ ಹೊಟ್ಟೆ ನೋಡಿ ಬಾಯಮ್ಮ, ತಿಂದು ಬಂದದ್ದು ಅದು. ಇನ್ನು ಎರಡು ದಿವಸಕ್ಕೆ ಅದಕ್ಕೆ ಎಂತದೂ ಬೇಡ" ಅಂದಳು. ಪಪ್ಪ ನಕ್ಕು ಹುಲಿಯ ಮುಖವನ್ನು ಬಾಗಿಲಿನ ಕಡೆಗೆ ತಿರುಗಿಸಿ, ಕಾವಲಿಗೆ ಇರಲಿ ಅಂದರು. ಆ ಕ್ರಿಸ್ಮಸಿಗೆ ನಮ್ಮ ಮನೆಗೆ ಬಂದವರನ್ನೆಲ್ಲ ಮೊದಲು ನೋಡಿದ್ದು ಗಿರಿಜಳ ಕಣ್ಣಿನ ಹುಲಿ. ಅವಳಿಗೂ ಅದರ ಮೇಲೆ ಆಸೆ ಬಿದ್ದಿತ್ತು. ಅದನ್ನು ನನಗೆ ಕೊಡ್ತೀಯಾ ಎಂದು ಕಾರ್ಮಿನಳ ಹತ್ತಿರ ಕೇಳಿದಳು. ಬರುವ ಕ್ರಿಸ್ಮಸ್ ಆಗಲಿ, ಆಮೇಲೆ ನಿನಗೇ ಎಂದು ಕಾರ್ಮಿನ್ ಮಾತು ಕೊಟ್ಟಳು. ನಾನು ಅಲ್ಲಿಯೇ ಕೂತು ಅಂಟು ಕಲಸುತ್ತಿದ್ದೆ.

ಮರುವರ್ಷ ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಸಿಸ್ಟರ್ ಒಬ್ಬರು ನಮ್ಮ ಪ್ರಾಣಿಗಳ ಸುದ್ದಿ ಕೇಳಿ ಮನೆಗೆ ಬಂದರು. ಈ ಸಲ ಇಗರ್ಜಿಯ ದೊಡ್ಡ ಗೋದಲಿಗೆ ಇವೇ ಇರಲಿ ಅಂದರು. ಕಾರ್ಮಿನಳ ಮುಖದಲ್ಲಿ ಆವತ್ತು ಬಂದ ಬೆಳಕನ್ನು ಆಮೇಲೆ ನಾನು ಅವಳ ಮದುವೆಯಲ್ಲಿಯೂ ಕಾಣಲಿಲ್ಲ. ಸಿಸ್ಟರ್ ಒಂದು ಕುರಿಯನ್ನು ಎತ್ತಿ ಮಗುವಿನ ಹಾಗೆ ಎದೆಗೆ ಹಿಡಿದರು. ಕೆಳಗೆ ಇಡುವಾಗ ನೋಡಿದರೆ ಅವರ ತೋಳಿನಲ್ಲಿ ಸುಣ್ಣ. ಅವರು ನಗುತ್ತಲೇ ಕೊಡವಿಕೊಂಡು, ಬಣ್ಣ ನಿಲ್ಲುವ ಹಾಗೆ ಎಂತಾದರೂ ಮಾಡಲಿಕ್ಕೆ ಆಗ್ತದಾ ನೋಡು ಮಗಾ ಎಂದು ಹೇಳಿ ಹೋದರು.

ಇಲ್ಲಿ ನನ್ನ ಬುದ್ಧಿ ಎದ್ದು ನಿಂತಿತು.

ಹೆಂಚಿನ ಕಾರ್ಖಾನೆಯ ಸುತ್ತ ಬೆಳೆದ ಮಕ್ಕಳಿಗೆ ಬಟ್ಟಿಯ ಮೇಲೆ ಎಷ್ಟು ನಂಬಿಕೆ ಇತ್ತೆಂದು ನಿಮಗೆ ಹೇಗೆ ಹೇಳಲಿ? ಮಳೆಗಾಲದಲ್ಲಿ ಒಣಗದ ಬಟ್ಟೆ ಬಟ್ಟಿಯ ಗೋಡೆಯ ಹತ್ತಿರ ಒಣಗುತ್ತಿತ್ತು. ಗೆಣಸು ಅಲ್ಲಿ ಬೇಯುತ್ತಿತ್ತು, ಗೇರುಬೀಜ ಅಲ್ಲಿ ಸುಡುತ್ತಿತ್ತು. ಶೀತ ಹಿಡಿದ ಮಕ್ಕಳನ್ನು ತಾಯಂದಿರು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಕರೆದುಕೊಂಡು ಹೋಗುತ್ತಿದ್ದರು. ಮುಟ್ಟಿದರೆ ಕರಗುವ ಮಣ್ಣು ಬಟ್ಟಿಗೆ ಹೋಗಿ ಬಂದರೆ ನೂರು ಮಳೆಗಾಲ ತಡೆಯುತ್ತದೆ. ಹಾಗಾದರೆ ಕಲ್ಲಿನ ಮೇಲಿನ ಬಣ್ಣ ತಡೆಯುವುದಿಲ್ಲವೇ? ಮಣ್ಣಿನಲ್ಲಿ ಕಲ್ಲು ಉಳಿದರೆ ಹೆಂಚು ಒಡೆಯುತ್ತದೆ ಎಂದು ಪಪ್ಪ ಹೇಳುತ್ತಿದ್ದದ್ದು ನೆನಪಿರಲಿಲ್ಲವೇ ಎಂದು ನೀವು ಕೇಳಬಹುದು. ನೆನಪಿತ್ತು. ಅದು ಮಣ್ಣಿನ ದೋಷ ಎಂದು ತಿಳಿದಿದ್ದೆ.

ಕಾರ್ಮಿನಳಿಗೆ ಹೇಳಿದೆ. ಬೇಡ ಅಂದಳು. ಬೆಂಕಿಗೆ ಹಾಕಿದರೆ ಅವಕ್ಕೆ ನೋಯುತ್ತದೆ ಎಂದಳು ಗಿರಿಜ. ಇಬ್ಬರೂ ಸೇರಿ ನಕ್ಕರು. ಆ ನಗುವೇ ನನ್ನನ್ನು ಬಟ್ಟಿಯವರೆಗೆ ನಡೆಸಿದ್ದು. ಹೊಳೆಯುವ ಪ್ರಾಣಿಗಳನ್ನು ತಂದು ಎದುರು ಸುರಿದು, ಈಗ ಮುಟ್ಟಿ ನೋಡಿ ಎನ್ನಬೇಕು. ಮೈ ಒಬ್ಬಳದ್ದು, ಕಣ್ಣು ಒಬ್ಬಳದ್ದು, ಬೆಂಕಿ ನನ್ನದು.

ಪ್ರಾಣಿಗಳನ್ನು ಇಟ್ಟ ಬುಟ್ಟಿ ನಮ್ಮ ಹಿಂದಿನ ಜಗಲಿಯಲ್ಲಿ ಒರಳುಕಲ್ಲಿನ ಹಿಂದೆ ಇರುತ್ತಿತ್ತು. ಆ ಜಾಗ ಗೊತ್ತಿದ್ದದ್ದು ನಮಗೆ ಮೂವರಿಗೆ. ಪಪ್ಪನಿಗೆ ಗಂಜಿ ತೆಗೆದುಕೊಂಡು ಹೋಗುವಾಗ ನಾನು ಬುಟ್ಟಿಯನ್ನೂ ಎತ್ತಿಕೊಂಡು ಹೋದೆ. ಬಟ್ಟಿಯಲ್ಲಿ ಹಸಿ ಹೆಂಚು ಜೋಡಿಸುವ ಐತಪ್ಪಣ್ಣ ನನ್ನ ದೋಸ್ತಿ. ಅವರಿಗೂ ಸಂಗತಿ ಬಹಳ ಖುಷಿಯಾಯಿತು. ಬೆಂಕಿಯಲ್ಲಿ ಬೆಂದದ್ದು ಯಾವುದಕ್ಕೂ ಹೆದರುವುದಿಲ್ಲ ಮಾರಾಯ ಎಂದು, ಹೆಂಚಿನ ಸಾಲುಗಳ ನಡುವೆ ಒಂದೊಂದನ್ನೇ ಜಾಗ ಮಾಡಿ ಕೂರಿಸಿದರು. ಹುಲಿಯನ್ನು ಕಂಡು, ಇದು ಬಸುರಿಯಾ ಎಂದು ಕೇಳಿದರು.

ಆ ಸಂಜೆಯೇ ಕಾರ್ಮಿನ್ ಬುಟ್ಟಿ ಹುಡುಕಿದಳು. ನನ್ನನ್ನು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಸ್ವಲ್ಪ ದಿನಕ್ಕೆ ಮಾತ್ರ ಬೇಕಾದ ಸುಳ್ಳು, ಸಂತೋಷದ ಸುಳ್ಳು, ಅದರಲ್ಲಿ ತಪ್ಪು ಕಾಣಲಿಲ್ಲ. ಅಲ್ಲಿಗೆ ನಿಲ್ಲಿಸಬೇಕಿತ್ತು. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಆ ನೋಟವನ್ನು ಬೇರೆ ಕಡೆ ತಿರುಗಿಸುವುದಕ್ಕೆ ಇನ್ನೊಂದು ಮಾತು ಸೇರಿಸಿದೆ.

"ನಿನ್ನೆ ಗಿರಿಜ ಬಂದಿದ್ದಳಲ್ಲ."

ಅದರಲ್ಲಿ ಸುಳ್ಳು ಏನೂ ಇರಲಿಲ್ಲ. ಗಿರಿಜ ಬಂದದ್ದು ಹೌದು. ಅವಳು ಬಾರದ ದಿನ ಯಾವುದು?

ಬಟ್ಟಿಯ ಬೆಂಕಿ ಆರಿ ಹೆಂಚು ಹೊರಗೆ ತೆಗೆದ ದಿನ ನಾನು ಓಡಿದೆ. ಐತಪ್ಪಣ್ಣ ನನ್ನನ್ನು ಬದಿಗೆ ಕರೆದು ಗಂಟು ಕಟ್ಟಿದ್ದ ತನ್ನ ಹೆಗಲ ಬಟ್ಟೆ, ಬೈರಾಸು, ಬಿಚ್ಚಿದರು. ಅದರೊಳಗೆ ಸಣ್ಣ ಸಣ್ಣ ಚೂರುಗಳು, ಎಲ್ಲವೂ ಒಂದೇ ಬೂದು ಬಣ್ಣ. ಅರಸಿನ, ಮಸಿ, ನೀಲಿ ಯಾವುದರ ಗುರುತೂ ಇರಲಿಲ್ಲ. ಅರಸಿನ ಬೆಂಕಿಗೆ ನಿಲ್ಲುತ್ತದೆಯೇ ಎಂಬ ಪ್ರಶ್ನೆ, ನಂಬಿ, ಆ ಕ್ಷಣದವರೆಗೆ ನನ್ನ ತಲೆಗೆ ಬಂದಿರಲಿಲ್ಲ. ಒಳಗೆ ಪಟಾಕಿ ಹೊಡೆದ ಹಾಗೆ ಕೇಳಿತು, ಹುಲಿ ಎಲ್ಲಕ್ಕಿಂತ ಮೊದಲು ಹೋಗಿರಬೇಕು, ಅಷ್ಟು ದೊಡ್ಡ ಸದ್ದು ಬಂತು ಎಂದು ಅವರು ಹೇಳಿದರು. ಹೆಂಚುಗಳೂ ತುಂಬ ಒಡೆದಿದ್ದವು. ಮೇಸ್ತ್ರಿ ಕೇಳಿದ್ದಕ್ಕೆ ಐತಪ್ಪಣ್ಣ ಹೆದರಿ, ಮಣ್ಣಿನಲ್ಲಿ ಕಲ್ಲು ಉಳಿದಿರಬೇಕು ಎಂದುಬಿಟ್ಟಿದ್ದರು.

ಮಣ್ಣಿನ ಕಲ್ಲು ಹೆಕ್ಕುವವರು ಪಪ್ಪ. ಆವತ್ತು ಅವರು ಬೈಗಳು ತಿಂದು ಮನೆಗೆ ಬಂದರು. ಊಟಕ್ಕೆ ಕೂತವರು ಅನ್ನ ಕಲಸದೆ ತಮ್ಮ ಎರಡೂ ಕೈಗಳನ್ನು ನೋಡಿಕೊಂಡು, "ಅಷ್ಟು ಕಲ್ಲು ನನ್ನ ಬೆರಳಿಗೆ ಸಿಕ್ಕದೆ ಹೋಗುವುದುಂಟಾ?" ಅಂದರು. ಅವರು ಕೇಳಿದ್ದು ಮಾಂಯ್ ಹತ್ತಿರ. ನಾನು ತಟ್ಟೆ ನೋಡಿಕೊಂಡು ಉಂಡೆ. ಈಗ ಹೇಳಿದರೆ ಕಾರ್ಮಿನಳ ಸಿಟ್ಟು, ಪಪ್ಪನ ಬೆತ್ತ, ಐತಪ್ಪಣ್ಣನ ಕೆಲಸ ಎಲ್ಲ ಒಟ್ಟಿಗೆ ಮೇಲೆ ಬೀಳುತ್ತದೆ ಎಂದು ಲೆಕ್ಕ ಹಾಕಿದೆ. ಈ ಲೆಕ್ಕದಲ್ಲಿ ಗಿರಿಜಳನ್ನು ಸೇರಿಸಲು ಮರೆತಿದ್ದೆ. ಚೂರುಗಳನ್ನು ಹೊಳೆಗೆ ಹಾಕಿ ಬಂದೆ.

ಕಾರ್ಮಿನ್ ಜಗಳ ಮಾಡುವ ಜಾತಿಯವಳಲ್ಲ. ಜಗಳ ಮಾಡಿದ್ದರೆ ಎಲ್ಲ ಆವತ್ತೇ ಹೊರಗೆ ಬರುತ್ತಿತ್ತು. ಅವಳು ಮಾತು ಬಿಟ್ಟಳು, ಅಷ್ಟೆ. ಗಿರಿಜ ಬೇಲಿಯ ಹತ್ತಿರ ಬಂದು ಕರೆದರೆ ಇವಳು ಒಳಗೆ ಹೋಗುವಳು. ಬಾವಿಗೆ ಅವಳು ಬರುವ ಹೊತ್ತು ಬಿಟ್ಟು ಬೇರೆ ಹೊತ್ತಿಗೆ ಹೋಗುವಳು. ಮಾಂಯ್ ಕೇಳಿದರೆ ಎಂತದೂ ಇಲ್ಲ ಎನ್ನುವಳು. ಇಗರ್ಜಿಯ ಗೋದಲಿಯಲ್ಲಿ ಆ ವರ್ಷ ಯಾರದೋ ಮನೆಯಿಂದ ತಂದ ಬೊಂಬೆಗಳಿದ್ದವು. ಸಿಸ್ಟರ್ ಕೇಳಿದ್ದಕ್ಕೆ ಕಾರ್ಮಿನ್ ಕಳೆದುಹೋಯಿತು ಎಂದು ಮಾತ್ರ ಹೇಳಿದಳಂತೆ.

ಕ್ರಿಸ್ಮಸಿನ ದಿನ ಕುಸ್ವಾರದ ತಟ್ಟೆಗಳು ನೆರೆಮನೆಗಳಿಗೆ ಹೋಗಬೇಕಲ್ಲ. ಗಿರಿಜಳ ಮನೆಗೆ ಚಕ್ಕುಲಿ, ಕಲ್‌ಕಲ್, ಎಳ್ಳುಂಡೆಗಳ ತಟ್ಟೆ ಕೊಂಡುಹೋಗುವವಳು ಯಾವಾಗಲೂ ಕಾರ್ಮಿನ್. ಆ ಸಲ ತಲೆನೋವು ಎಂದು ಮಲಗಿದಳು. ನಾನು ಹೋದೆ. ಗಿರಿಜ ತಟ್ಟೆ ತೆಗೆದುಕೊಳ್ಳಲಿಲ್ಲ, ಅವಳ ಅಮ್ಮನನ್ನು ಕರೆದಳು. ಬಾಗಿಲಿನ ಹಿಂದೆ ನಿಂತು ಕೇಳಿದ್ದು ಇಷ್ಟೆ, ಕಾರ್ಮಿನ್ ಬರುವುದಿಲ್ಲವಾ? ನಾನು ತಲೆನೋವು ಎಂದೆ. ಆಮೇಲೆ ಅವಳು ಬೇಲಿಯ ಹತ್ತಿರ ಬಂದು ಕರೆಯುವುದನ್ನೂ ಬಿಟ್ಟಳು.

ವರ್ಷಗಳು ಹೋದವು ಎಂದು ಬರೆಯುವುದು ಸುಲಭ. ಒಂದು ಬೇಲಿಯ ಎರಡು ಬದಿಗೆ ಇಬ್ಬರು ಹುಡುಗಿಯರು ಮಾತಿಲ್ಲದೆ ಬೆಳೆಯುವುದನ್ನು ನೋಡಿಕೊಂಡು ಇರುವುದು ಅಷ್ಟು ಸುಲಭವಲ್ಲ. ಅಮ್ಮಂದಿರ ನಡುವೆ ಎಲ್ಲ ಮೊದಲಿನ ಹಾಗೆಯೇ ಇತ್ತು. ಬಂಗುಡೆ ಈಚೆ ಬರುತ್ತಿತ್ತು, ನುಗ್ಗೆಕಾಯಿ ಆಚೆ ಹೋಗುತ್ತಿತ್ತು. ಕಾರ್ಮಿನ್ ಹೊಲಿಗೆ ಕಲಿತಳು. ತಲೆದಿಂಬಿನ ಬಟ್ಟೆಗೆ ಗುಲಾಬಿ ಹಾಕುವಳು, ಬಳ್ಳಿ ಹಾಕುವಳು. ಒಂದು ಹಕ್ಕಿಯನ್ನೂ ಹಾಕಲಿಲ್ಲ. ಗಿರಿಜ ಅವಳ ಅಮ್ಮನ ಬುಟ್ಟಿ ತನ್ನ ತಲೆಗೆ ತೆಗೆದುಕೊಂಡಳು. ನಾನು ಅದೇ ಕಾರ್ಖಾನೆಗೆ ಸೇರಿದೆ. ಪಪ್ಪನಿಗೆ ಮಾತ್ರ ಆಮೇಲೆ ತಮ್ಮ ಬೆರಳುಗಳ ಮೇಲೆ ಮೊದಲಿನ ನಂಬಿಕೆ ಬರಲಿಲ್ಲ. ಹೆಕ್ಕಿದ ಮಣ್ಣನ್ನೇ ಎರಡೆರಡು ಸಲ ಹೆಕ್ಕುತ್ತಿದ್ದರು.

ಅರವತ್ತನೆಯ ಇಸವಿ ಕಳೆದ ಮೇಲೆ ಒಂದು ವರ್ಷ ಕಾರ್ಮಿನಳಿಗೆ ಪಡೀಲಿನ ಕಡೆಯ ಸಂಬಂಧ ಕೂಡಿಬಂತು. ನಮ್ಮಲ್ಲಿ ಮದುವೆಯ ಹಿಂದಿನ ದಿನ ರೋಸ್ ಎಂದು ಮಾಡುತ್ತಾರೆ. ಮದುಮಗಳನ್ನು ಕೂರಿಸಿ, ಮನೆಯವರು, ನೆಂಟರು, ನೆರೆಕರೆಯವರು ಒಬ್ಬೊಬ್ಬರಾಗಿ ಬಂದು ಅವಳ ತಲೆಗೆ, ಕೆನ್ನೆಗೆ, ಕೈಗೆ ತೆಂಗಿನ ಹಾಲು ಹಚ್ಚುತ್ತಾರೆ. ಕನ್ಯಾಜೀವನಕ್ಕೆ ಅದು ಕೊನೆಯ ಸ್ನಾನ. ಸುತ್ತ ಹೆಂಗಸರು ವೋವಿಯೊ ಹಾಡುತ್ತಾರೆ. ಆ ಹಾಡುಗಳಲ್ಲಿ ಆಶೀರ್ವಾದ ಎಷ್ಟುಂಟೋ ಚೇಷ್ಟೆಯೂ ಅಷ್ಟೇ ಉಂಟು.

ರೋಸಿಗೆ ಯಾರನ್ನೆಲ್ಲ ಕರೆಯಬೇಕೆಂದು ಮಾಂಯ್ ಅಡುಗೆಮನೆಯಲ್ಲಿ ಹೇಳುತ್ತಿದ್ದರು. ಕಾರ್ಮಿನ್ ತುರಿಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ಮದುಮಗಳು ಕೆಲಸ ಮಾಡಬಾರದು ಎಂದರೂ ಕೇಳಿರಲಿಲ್ಲ. ಗಿರಿಜಳ ಹೆಸರು ಬಂದಾಗ ಅವಳ ಕೈ ನಿಂತಿತು.

"ಕಳ್ಳಿಯ ಕೈಯಿಂದ ನನಗೆ ರೋಸ್ ಬೇಡ" ಅಂದಳು.

ಅಷ್ಟು ವರ್ಷಗಳಲ್ಲಿ ಆ ಶಬ್ದ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಅವಳ ಮನಸ್ಸಿನೊಳಗೆ ಗಿರಿಜಳಿಗೆ ಆ ಹೆಸರು ಇದೆಯೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮನಸ್ಸಿನಲ್ಲಿ ಇರುವುದಕ್ಕೂ ಬಾಯಿಯಿಂದ ಬರುವುದಕ್ಕೂ ವ್ಯತ್ಯಾಸ ಉಂಟು. ಮಾಂಯ್ ಏನೂ ಅರ್ಥವಾಗದೆ, ಹೀಗೆಲ್ಲ ಮಾತಾಡಬಾರದು ಎಂದು ಬೈದು ಹೊರಗೆ ಹೋದರು. ನಾನು ಬಾಗಿಲಿನಲ್ಲಿ ನಿಂತುಕೊಂಡೇ ಎಲ್ಲ ಹೇಳಿದೆ. ಬಟ್ಟಿ, ಐತಪ್ಪಣ್ಣ, ಬೈರಾಸು, ಹೊಳೆ.

ಕಾರ್ಮಿನ್ ಪುನಃ ತುರಿಯತೊಡಗಿದ್ದಳು, ನಿಲ್ಲಿಸಲಿಲ್ಲ. ಅರ್ಧ ಕಾಯಿ ಮುಗಿಯಿತು. ಆಮೇಲೆ ಕೇಳಿದಳು.

"ಹುಲಿಯೂ ಒಡೆಯಿತಾ?"

"ಹುಲಿಯೇ ಮೊದಲು ಒಡೆದದ್ದಂತೆ."

ಅವಳಿಗೆ ನಗು ಬಂತು. ಹೊರಗೆ ಬಂದ ನಗುವನ್ನು ಒಳಗೆ ಎಳೆದುಕೊಳ್ಳುವುದನ್ನು ನಾನು ಅವಳ ಮುಖದಲ್ಲಿ ನೋಡಿದೆ. ಅವಳು ನನಗೆ ಹೊಡೆದಿದ್ದರೆ, ಬೈದಿದ್ದರೆ ಒಳ್ಳೆಯದಿತ್ತು. ಹೇಳಿಬಿಟ್ಟರೆ ಹಗುರವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಹಗುರವಾದದ್ದು ಹೌದು. ಆದರೆ ಇಳಿಸಿದ ಭಾರವನ್ನು ಅವಳು ಎತ್ತಿಕೊಂಡಳು.

"ನೀನು ಹೇಳಿದ್ದು ಒಂದು ಮಾತು" ಅಂದಳು. "ಬಾಯಿ ಮುಚ್ಚಿ ಕೂತದ್ದು ನಾನು. ಒಂದು ಸಲ ಕೇಳಬಹುದಿತ್ತು ನನಗೆ, ಗಿರಿಜಾ ನೀನು ತೆಗೆದೆಯಾ ಅಂತ. ಕೇಳಲಿಲ್ಲ ನೋಡು."

ಕೈ ತೊಳೆದುಕೊಂಡು ಎದ್ದಳು. ಬೇಲಿಯ ಹತ್ತಿರ ಹೋಗಿ, ಎಷ್ಟೋ ವರ್ಷ ಆ ಮನೆಯ ಕಡೆಗೆ ಆಡದ ಹೆಸರನ್ನು ಕರೆದಳು. ಗಿರಿಜ ಹೊರಗೆ ಬಂದು ದೂರದಲ್ಲಿಯೇ ನಿಂತಳು. ನಾಳೆ ರೋಸಿಗೆ ಬರಬೇಕು ಎಂದು ಕಾರ್ಮಿನ್ ಹೇಳಿದಳು. ತಿರುಗಿ ಬಂದು ನನ್ನ ಎದುರು ನಿಂತು, "ಕರೆಯುವುದು ನನ್ನದಿತ್ತು, ಕರೆದೆ. ಬಟ್ಟಿಯ ಸಂಗತಿ ಅವಳಿಗೆ ಹೇಳುವುದು ನಿನ್ನದು. ನಾನು ಹೇಳುವುದಿಲ್ಲ" ಅಂದಳು. ಆಗಲಿ ಎಂದೆ. ಆ ಹೊತ್ತಿಗೆ ನಿಜವಾಗಿಯೂ ಹೇಳುವವನಿದ್ದೆ.

ಮರುದಿನ ಸಂಜೆ ಚಪ್ಪರದ ತುಂಬ ಜನ. ಮಾಂಯ್ ಹಚ್ಚಿದರು, ಪಪ್ಪ ಹಚ್ಚಿದರು, ನಾನು ಹಚ್ಚಿದೆ, ಅತ್ತೆಯಂದಿರು ತಲೆಯ ಮೇಲೆ ಸುರಿದೇ ಬಿಟ್ಟರು. ಗಿರಿಜ ಎಲ್ಲರ ಹಿಂದೆ ಚಪ್ಪರದ ಕಂಬದ ಹತ್ತಿರ ನಿಂತಿದ್ದಳು. ಒಗೆದ ಸೀರೆ, ತಲೆಗೆ ಅಬ್ಬಲಿಗೆ ಹೂವು. ಮಾಂಯ್ ಅವಳ ಕೈ ಹಿಡಿದು ಎದುರಿಗೆ ತಂದರು. ಅವಳು ತೆಂಗಿನ ಹಾಲಿನ ಪಾತ್ರೆಯ ಮೇಲೆ ಕೈ ಹಿಡಿದು, ಅದ್ದದೆ ಹಾಗೆಯೇ ನಿಂತಳು. ಆಮೇಲೆ ಬಗ್ಗಿ ಕಾರ್ಮಿನಳಿಗೆ ಮಾತ್ರ ಕೇಳುವ ಹಾಗೆ ಮಾತಾಡಿದಳು. ಪಾತ್ರೆ ಹಿಡಿದುಕೊಂಡು ಪಕ್ಕದಲ್ಲಿ ನಿಂತ ನನಗೂ ಕೇಳಿತು.

"ಲಿಂಬೆ ಹಾಕಿ ತಿಕ್ಕಿ ತಿಕ್ಕಿ ತೊಳೆದು ಬಂದಿದ್ದೇನೆ ಮಾರಾಯ್ತಿ. ಆದರೂ ವಾಸನೆ ಬರ್ತದೋ ಏನೋ."

ಎಂತ ವಾಸನೆ ಎಂದು ಕಾರ್ಮಿನ್ ಕೇಳಿದಳು.

"ಮೀನಿನದ್ದು. ಆವತ್ತು ನೀನು ಮಾತು ಬಿಟ್ಟದ್ದು ಅದಕ್ಕಲ್ವಾ? ಇಗರ್ಜಿಗೆ ಇಡುವ ಪ್ರಾಣಿಗಳನ್ನು ಮೀನು ಮುಟ್ಟಿದ ಕೈಯಿಂದ ಮುಟ್ಟಿದೆ ಅಂತ. ನನಗೆ ಆಮೇಲೆ ಗೊತ್ತಾಯ್ತು. ಆಗ ಸಣ್ಣ ಪ್ರಾಯ, ಬುದ್ಧಿ ಇರಲಿಲ್ಲ. ನೀನು ಬಾಯಿ ಬಿಟ್ಟು ಹೇಳದೆ ಇದ್ದದ್ದು ನಿನ್ನ ಒಳ್ಳೆಯತನ."

ತನ್ನನ್ನು ಕಳ್ಳಿ ಎಂದು ಕಾರ್ಮಿನ್ ಎಣಿಸಿದ್ದು ಗಿರಿಜಳಿಗೆ ಗೊತ್ತೇ ಇರಲಿಲ್ಲ. ಏನೂ ಗೊತ್ತಿಲ್ಲದೆ, ತನಗೆ ತಾನೇ ಒಂದು ಕಾರಣ ಹುಡುಕಿಕೊಂಡಿದ್ದಳು, ಆ ಕಾರಣವನ್ನು ಕೈಯಲ್ಲಿ ಇಟ್ಟುಕೊಂಡೇ ಬೆಳೆದಿದ್ದಳು. ಕಾರ್ಮಿನ್ ಅವಳ ಎರಡೂ ಕೈಗಳನ್ನು ಹಿಡಿದು ಹಾಲಿನಲ್ಲಿ ಮುಳುಗಿಸಿ, ತನ್ನ ಕೆನ್ನೆಗಳ ಮೇಲೆ ಒತ್ತಿಕೊಂಡಳು. ಸುತ್ತಲಿನ ಹೆಂಗಸರು ಹೊಸ ಹಾಡು ಎತ್ತಿದ್ದರು. ಕಾರ್ಮಿನ್ ಏನೋ ಹೇಳಿದಳು, ನನ್ನ ಕಡೆ ಕೈ ತೋರಿಸಿದಳು. ಅಷ್ಟರಲ್ಲಿ ಹಚ್ಚುವುದಕ್ಕೆ ಮುಂದಿನವರು ಬಂದರು. ನಾನು ಪಾತ್ರೆಯನ್ನು ಯಾರದೋ ಕೈಗೆ ಕೊಟ್ಟು, ನೀರು ತರುವ ನೆವದಲ್ಲಿ ಬಾವಿಯ ಕಡೆಗೆ ಹೋದೆ.

ಮರುದಿನ ಇಗರ್ಜಿಗೆ ಹೊರಡುವಾಗ, ಬಿಳಿ ಸೀರೆ ಉಟ್ಟು ನಿಂತ ಕಾರ್ಮಿನ್ ಎಲ್ಲರ ನಡುವಿನಿಂದ ನನ್ನನ್ನು ನೋಡಿ, ಹೇಳಿದೆಯಾ ಎಂದು ಹುಬ್ಬಿನಲ್ಲಿಯೇ ಕೇಳಿದಳು. ನಾನು ಹೌದೆಂದು ತಲೆ ಆಡಿಸಿದೆ. ಅವಳು ಸಮಾಧಾನದಿಂದ ಗಂಡನ ಮನೆಗೆ ಹೋದಳು. ನಾನು ತಲೆ ಆಡಿಸಿದ್ದರ ಹಿಂದೆ ಎಷ್ಟು ಸತ್ಯ ಇತ್ತೆಂದು ಇಲ್ಲಿ ಬರೆದುಬಿಡುತ್ತೇನೆ. ಹಿಂದಿನ ಸಂಜೆ ಗಿರಿಜ ನನ್ನನ್ನು ಹುಡುಕಿಕೊಂಡು ಬಾವಿಕಟ್ಟೆಗೆ ಬಂದಿದ್ದಳು. ಅವಳ ಮುಖದಲ್ಲಿ ನಗು ಹಿಡಿಸದಷ್ಟು ಇತ್ತು. ಮುಂಗೈಯಲ್ಲಿ ತೆಂಗಿನ ಹಾಲು ಇನ್ನೂ ಒಣಗಿರಲಿಲ್ಲ.

"ಪೆದ್ರಣ್ಣ, ನಿಮಗೆ ಎಂತದೋ ಹೇಳ್ಲಿಕ್ಕುಂಟಂತೆ. ಕಾರ್ಮಿನ್ ಹೇಳಿದಳು."

ನಾನು ಕೊಡಪಾನ ಕೆಳಗಿಟ್ಟೆ. ಮಾತು ನಾಲಿಗೆಯ ಮೇಲೆಯೇ ಇತ್ತು. ಅವಳ ಮುಖ ನೋಡಿದೆ. ಈಗ ಹೇಳಿದರೆ ಈ ನಗು ಹೋಗುತ್ತದೆ ಎಂದು ಮನಸ್ಸು ಹೇಳಿತು. ಅವಳ ನಗುವನ್ನು ಉಳಿಸುವುದಕ್ಕೆ ಎಂದು ಅದು ಹೇಳಿದ್ದಲ್ಲ ಎಂಬುದು ಆಗಲೂ ನನಗೆ ಗೊತ್ತಿತ್ತು.

"ಎಂತದೂ ಇಲ್ಲ. ಊಟ ಮಾಡಿಯೇ ಹೋಗು ಅಂತ."

"ಅಷ್ಟೆಯಾ? ಹಾಗಾದರೆ ನಿಮಗೂ ನನ್ನ ಮೇಲೆ ಬೇಸರ ಇಲ್ಲ ಅಲ್ವಾ?"

ಇಲ್ಲ ಎಂದೆ. ಗಿರಿಜ ಊಟ ಮಾಡಿದಳು, ಮಾಂಯ್ ಕೊಟ್ಟ ಎಲೆಯಡಿಕೆ ತೆಗೆದುಕೊಂಡಳು, ನಾವೆಲ್ಲ ಅವಳನ್ನು ಕ್ಷಮಿಸಿದ್ದೇವೆ ಎಂಬ ಸಂತೋಷದಲ್ಲಿ ಬೇಲಿ ದಾಟಿ ಮನೆಗೆ ಹೋದಳು.